ಬಳೆ ತೊಟ್ಟ ಸೇಡು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಚಲನಚಿತ್ರ ಮತ್ತು ಪೌರುಷ' ಎಂದಷ್ಟೇ ಅಚ್ಚು ಹಾಕಿಸಿದ್ದಾರೆ. ಕಾರ್ಯದರ್ಶಿಗಳ ಸಂಕೋಚ ನನಗೆ ಅರ್ಥವಾಗುತ್ತದೆ. ನಾನು ಮಾತನಾಡಬೇಕೆಂದಿರುವುದು ಹಿಜ್ರಾ ಹಾಗೂ ಸಲಿಂಗಪ್ರೇಮಿ ಪಾತ್ರಗಳು ಸೇಡು ತೀರಿಸಿಕೊಳ್ಳುವ ಚಿತ್ರಗಳನ್ನು ಕುರಿತು. ಆ ಚಿತ್ರಗಳಲ್ಲಿ ಹೊಡೆಯುವ ಕೈ ಯಾರದು ಎಂಬುದನ್ನು ಕುರಿತು.

ಕೈಲಾಗದವನಿಗೆ 'ಬಳೆ ತೊಟ್ಟುಕೊಂಡು ಮನೆಯಲ್ಲಿ ಕೂತುಕೋ' ಎನ್ನುವುದು ನಮ್ಮಲ್ಲಿ ರೂಢಿ. ಮಂತ್ರಿಗಳಿಗೆ ಬಳೆ ಕಳುಹಿಸೋಣ ಎಂದು ಗಡಿ ಹೋರಾಟದ ಸಭೆಗಳಲ್ಲಿ ಯಾರಾದರೂ ಗುಡುಗಿದಾಗ ನಾನೂ ಚಪ್ಪಾಳೆ ತಟ್ಟಿದ್ದೇನೆ. 'ಗಂಡು ಮೆಟ್ಟಿದ ನಾಡು' ಎಂದು ಬೀಗಿದ್ದೇನೆ. ಬಳೆಯೆಂದರೆ ಸೋಲು, ಮೀಸೆಯೆಂದರೆ ಗೆಲುವು. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ನಾವು ಚಿತ್ರಮಂದಿರಕ್ಕೂ ಹೋಗುತ್ತೇವೆ.

2011ರಲ್ಲಿ ರಾಘವ ಲಾರೆನ್ಸ್ ನಿರ್ದೇಶಿಸಿ ನಟಿಸಿದ ತಮಿಳಿನ 'ಕಾಂಚನ'ವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದೇ ಕಥೆ 2012ರಲ್ಲಿ ಉಪೇಂದ್ರರ 'ಕಲ್ಪನ'ವಾಗಿ ಕನ್ನಡಕ್ಕೆ ಬಂತು. 2020ರಲ್ಲಿ ಅಕ್ಷಯ್ ಕುಮಾರರ 'ಲಕ್ಷ್ಮೀ'ಯಾಗಿ ಹಿಂದಿಗೆ ಹೋಯಿತು. ಕತ್ತಲಾದರೆ ತಾಯಿಯ ಸೆರಗು ಹಿಡಿಯುವ ಪುಕ್ಕಲ ನಾಯಕ. ಹೆತ್ತವರೇ ಹೊರಹಾಕಿದ, ಆಸ್ಪತ್ರೆ ಕಟ್ಟಿಸಬೇಕೆಂದು ಜಾಗ ಕೊಂಡಿದ್ದ ಹಿಜ್ರಾ ಒಬ್ಬಳು. ಆ ಜಾಗಕ್ಕಾಗಿ ರಾಜಕಾರಣಿಯೊಬ್ಬ ಅವಳನ್ನು ಕೊಲ್ಲುತ್ತಾನೆ. ಅವಳ ಪ್ರೇತ ಈ ಪುಕ್ಕಲನ ಮೈಹೊಕ್ಕು ಸೇಡು ತೀರಿಸಿಕೊಳ್ಳುತ್ತದೆ.

ಮೇಲುನೋಟಕ್ಕೆ ಇದು ನಮ್ಮ ಬಳೆಯ ಲೆಕ್ಕವನ್ನು ತಲೆಕೆಳಗು ಮಾಡುವ ಕಥೆ. ಲೋಕ ಯಾರನ್ನು ಗಂಡಸಲ್ಲ ಎಂದು ಹಳಿಯುತ್ತದೋ ಅವಳೇ ಹೇಡಿ ಗಂಡಸಿಗೆ ಧೈರ್ಯ ಕೊಡುತ್ತಾಳೆ. ಈ ಮೆಚ್ಚುಗೆ ಅದಕ್ಕೆ ಸಲ್ಲಲೇಬೇಕು. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಿ. ಬದುಕಿದ್ದು ನ್ಯಾಯ ಕೇಳಹೋದ ಅವಳಿಗೆ ಸಿಕ್ಕಿದ್ದು ಸಾವು. ಹೊಡೆಯುವ ಅಧಿಕಾರ ದೊರೆತದ್ದು ಸತ್ತ ಮೇಲೆ, ಅದೂ ಒಬ್ಬ ಗಂಡಿನ ಮೈಯನ್ನು ಬಾಡಿಗೆಗೆ ಪಡೆದು. ಬದುಕಿದ್ದ ಅವಳ ಪಾತ್ರ ಮಾಡಿದವರಾದರೂ ಯಾರು? ತಮಿಳಿನಲ್ಲಿ ಹೊಡೆದಾಟದ ನಾಯಕ ಶರತ್ ಕುಮಾರ್. ಕನ್ನಡದಲ್ಲಿ 'ಪೊಲೀಸ್ ಸ್ಟೋರಿ'ಯ ಅಗ್ನಿ, ನಮ್ಮ ಸಾಯಿಕುಮಾರ್. ಹಿಂದಿಯಲ್ಲಿ 'ಬಾಹುಬಲಿ'ಗೆ ಕಂಠದಾನ ಮಾಡಿದ ಶರದ್ ಕೇಳ್ಕರ್. ಮೂವರೂ ಚೆನ್ನಾಗಿಯೇ ಅಭಿನಯಿಸಿದ್ದಾರೆ. ನನ್ನ ತಕರಾರು ಅವರ ಮೇಲಲ್ಲ. ಸೀರೆಯುಟ್ಟವಳ ಸಿಟ್ಟನ್ನು ಪ್ರೇಕ್ಷಕ ನಂಬಬೇಕಾದರೆ ಸೀರೆಯೊಳಗೆ ಘರ್ಜಿಸುವ ಗಂಡುದನಿಯೊಂದು ಇರಲೇಬೇಕೆಂದು ಮೂರು ಭಾಷೆಯ ಚಿತ್ರೋದ್ಯಮಗಳೂ ತೀರ್ಮಾನಿಸಿದ್ದವು.

ಮನೆಯಲ್ಲಿ ಮಕ್ಕಳೊಡನೆ 'ಕಾಂಚನ' ನೋಡಿದಾಗ, ನಾಯಕ ಸೀರೆಯುಟ್ಟು ಬಳುಕುವ ದೃಶ್ಯಗಳಿಗೆ ನಾನು ಬಿದ್ದು ಬಿದ್ದು ನಕ್ಕೆ. ಕೊನೆಯ ಕೊಲೆಗಳಿಗೆ ಚಪ್ಪಾಳೆಯನ್ನೂ ತಟ್ಟಿದೆ. ಅದಾಗಿ ಕೆಲವೇ ದಿನಗಳಲ್ಲಿ ಲೋಕಲ್ ರೈಲಿನಲ್ಲಿ, ಊರಿನಿಂದ ಬಂದಿದ್ದ ಸೋದರಮಾವನೊಡನೆ ಕನ್ನಡದಲ್ಲಿ ಮಾತನಾಡುತ್ತ ಕುಳಿತಿದ್ದೆ. ಚಪ್ಪಾಳೆ ತಟ್ಟುತ್ತ ಬಂದ ಹಿಜ್ರಾ ಒಬ್ಬಳು ನಮ್ಮೆದುರು ನಿಂತು, "ಯಾವೂರ್ರಿ ಅಣ್ಣಾರ?" ಎಂದಳು. ಅಪ್ಪಟ ಧಾರವಾಡದ ಕಡೆಯ ಕನ್ನಡ. ನಾನು ಕಿಟಕಿಯ ಕಡೆಗೆ ತಿರುಗಿ, ಭಾಷೆ ಬಾರದವನಂತೆ ಕುಳಿತೆ. ಮಾವನೇ "ಗದಗ" ಎಂದರು. ಅವಳು "ನಮ್ಮ ಬಾಜೂಕನ" ಎಂದು ನಕ್ಕು, ಹಣವನ್ನೂ ಕೇಳದೆ ಮುಂದಕ್ಕೆ ಹೋದಳು. ಹೊರನಾಡ ಕನ್ನಡಿಗರ ಸ್ಥಿತಿಗತಿಗಳ ಮೇಲೆ ಎಷ್ಟೋ ಭಾಷಣ ಮಾಡಿರುವ ನನಗೆ ಅವಳೂ ಹೊರನಾಡ ಕನ್ನಡಿಗಳೆಂದು ಹೊಳೆಯಲು ಎರಡು ನಿಲ್ದಾಣ ಕಳೆಯಬೇಕಾಯಿತು.

ಇಂಥವರು ಊರು ಬಿಡುವುದಕ್ಕೆ ಕಾರಣ ಮನೆಯೊಂದೇ ಅಲ್ಲ. 'ಕಾಂಚನ' ತೆರೆಕಂಡ ಅದೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹಿಜ್ರಾಗಳ ಹೆಸರು, ವಾಸಸ್ಥಳಗಳ ಪಟ್ಟಿ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಸಂಘಟನೆಗಳು ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ಅವರನ್ನು ಹೆಸರಿಸುವ ಪದವನ್ನು ತೆಗೆಯಲಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ಅವರ ಲಿಂಗ ಗುರುತಿನ ಹಕ್ಕನ್ನು ಮನ್ನಿಸಿತು, ನಿಜ. ಆದರೆ 2019ರ ಕಾಯ್ದೆ, ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೆ ಗೊತ್ತುಮಾಡಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಆಗಲೇ ಕನಿಷ್ಠ ಹತ್ತು ವರ್ಷವಿತ್ತು. ಇಂಥ ಕಡೆ ಪ್ರೇತಗಳಿಗೆ ಕೆಲಸ ಹೆಚ್ಚು.

ಇನ್ನೊಂದು ದಾರಿ ಹಿಡಿದ ಚಿತ್ರವೊಂದಿದೆ. 2023ರ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡ ಬ್ರಿಟನ್ನಿನ 'ಫೆಮ್'. ನಿರ್ದೇಶಕರು ಇಬ್ಬರು: ಸ್ಯಾಮ್ ಫ್ರೀಮನ್ ಮತ್ತು ಎನ್‌ಜಿ ಚೂನ್ ಪಿಂಗ್. ಲಂಡನ್ನಿನಲ್ಲಿ ಸ್ತ್ರೀವೇಷದ ಕಲಾವಿದ ಜೂಲ್ಸ್, ಕಾರ್ಯಕ್ರಮ ಮುಗಿಸಿ ಅದೇ ವೇಷದಲ್ಲಿ ಸಿಗರೇಟು ಕೊಳ್ಳಲು ಹೋದಾಗ ಪ್ರೆಸ್ಟನ್ ಎಂಬವನೂ ಅವನ ಗೆಳೆಯರೂ ಬಟ್ಟೆ ಕಿತ್ತು ಥಳಿಸುತ್ತಾರೆ. ತಿಂಗಳುಗಳ ನಂತರ, ಗಂಡಸರು ಗಂಡಸರನ್ನು ಅರಸಿ ಬರುವ ಸ್ನಾನಗೃಹವೊಂದರಲ್ಲಿ ಜೂಲ್ಸ್‌ಗೆ ಕಾಣಸಿಗುವವನು ಅದೇ ಪ್ರೆಸ್ಟನ್. ವೇಷ ಕಳಚಿದ ಜೂಲ್ಸ್‌ನ ಗುರುತು ಅವನಿಗೆ ಹತ್ತುವುದಿಲ್ಲ. ಅವನೊಡನೆ ಕೂಡಿ, ಅದನ್ನು ಗುಟ್ಟಾಗಿ ಚಿತ್ರೀಕರಿಸಿ, ಲೋಕಕ್ಕೆ ತೋರಿಸಿಬಿಡಬೇಕೆಂಬುದು ಜೂಲ್ಸ್‌ನ ಸಂಚು.

ಇಲ್ಲಿ ಪ್ರೇತವಿಲ್ಲ, ಕತ್ತಿಯಿಲ್ಲ. ಪ್ರೆಸ್ಟನ್‌ನ ಭಯವೇ ಆಯುಧ. ತನ್ನ ಗೆಳೆಯರಿಗೆ ತಾನು ಏನೆಂದು ತಿಳಿದೀತೋ ಎಂಬ ಭಯದಲ್ಲಿ ಅವನು ನಡೆಯುತ್ತಾನೆ, ಬೈಯುತ್ತಾನೆ, ಹೊಡೆಯುತ್ತಾನೆ. ಒಮ್ಮೆ ಆ ಗೆಳೆಯರ ನಡುವೆಯೇ ಜೂಲ್ಸ್ 'ಗಂಡಸಾಗಿ' ನಟಿಸಿ ಪಾರಾಗಬೇಕಾಗುತ್ತದೆ. ರಂಗದ ಮೇಲೆ ಹೆಣ್ಣಾಗಬಲ್ಲವನಿಗೆ ಗಂಡಾಗುವುದೂ ಒಂದು ವೇಷವೇ. ದಿನದ ಇಪ್ಪತ್ತನಾಲ್ಕು ಗಂಟೆಯೂ ವೇಷ ಬಿಚ್ಚಲಾರದವನು ಪ್ರೆಸ್ಟನ್. ನೇಥನ್ ಸ್ಟೂವರ್ಟ್-ಜ್ಯಾರೆಟ್ ಮತ್ತು ಜಾರ್ಜ್ ಮೆಕೇ ಇವನ್ನು ಅಭಿನಯಿಸಿದ ರೀತಿಗೆ ಬ್ರಿಟಿಷ್ ಇಂಡಿಪೆಂಡೆಂಟ್ ಪ್ರಶಸ್ತಿಯನ್ನು ಜೋಡಿಯಾಗಿಯೇ ಕೊಟ್ಟದ್ದು ಉಚಿತ.

ಆದರೆ ಜೂಲ್ಸ್‌ನ ಆಯುಧ ಶುದ್ಧವೆ? ಗುಟ್ಟು ಬಯಲು ಮಾಡುವೆನೆಂದು ಬೆದರಿಸುವುದು, ಇಂಥವರನ್ನು ಕಾಲಕಾಲದಿಂದ ಸುಲಿಯುತ್ತ ಬಂದವರ ಆಯುಧ. 2018ರ ತೀರ್ಪು ಬರುವವರೆಗೆ ನಮ್ಮಲ್ಲಿ 377ನೇ ಕಲಮನ್ನು ತೋರಿಸಿ ಹಣ ಕಿತ್ತವರಿಗೆ ಲೆಕ್ಕವಿಲ್ಲ. 'ಫೆಮ್' ಈ ಕಹಿಯನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಅದರ ಸೇಡಿಗೆ ಚಪ್ಪಾಳೆ ತಟ್ಟಲು ನನ್ನ ಕೈ ಏಳಲಿಲ್ಲ. ಕೊನೆಯಲ್ಲಿ ಏನಾಗುತ್ತದೆಂದು ಹೇಳಲಾರೆ, ನೀವೇ ನೋಡಿ.

ಇದೆಲ್ಲ ಪಶ್ಚಿಮದ ಸರಕು ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಸ್ವಾಮಿ, ಶಿಖಂಡಿಯ ಕಥೆ ಸೇಡಿನದಲ್ಲವೆ? ಅಂಬೆ ಭೀಷ್ಮನ ಮೇಲಿನ ಹಗೆಗಾಗಿ ಮತ್ತೆ ಹುಟ್ಟಿ, ಯಕ್ಷನಿಂದ ಗಂಡುತನವನ್ನು ಕಡ ತಂದವಳು. ಹಾಗಿದ್ದೂ ನಾವು ಆ ಹೆಸರನ್ನು ಬೈಗುಳವಾಗಿ ಉಳಿಸಿಕೊಂಡಿದ್ದೇವೆ.

ಮುಂದಿನ ತಿಂಗಳು ಇದೇ ವೇದಿಕೆಯಲ್ಲಿ 'ಕೀಚಕ ವಧೆ' ಯಕ್ಷಗಾನವಿದೆ. ಭೀಮ ಹೆಣ್ಣುವೇಷ ತೊಟ್ಟು, ಸೆರಗು ಹೊದ್ದು ಕತ್ತಲಲ್ಲಿ ಕಾಯುವಾಗ ಸಭೆಯೆಲ್ಲ ನಗುತ್ತದೆ. ಪ್ರತಿ ಸಲವೂ ನಕ್ಕಿದ್ದೇವೆ. ಈ ಸಲ ನಾನು ರಂಗಕ್ಕೆ ಬೆನ್ನು ಮಾಡಿ ನಿಮ್ಮ ಮುಖಗಳನ್ನೇ ನೋಡುತ್ತಿರುತ್ತೇನೆ. ಆ ನಗು ಯಾವ ಪೆಟ್ಟಿಗೆ ನಿಲ್ಲುತ್ತದೆಂದು ತಿಳಿಯುವ ಕುತೂಹಲ ನನಗಿದೆ.