ಚಲಿಸುವ ಚಿತ್ರದಲ್ಲಿ ಲೋಪಸಂಧಿ

ನಿಮ್ಮ ಮನೆಯ ಮಗು ‘ಅ’ ಅಕ್ಷರವನ್ನು ಎಲ್ಲಿಂದ ಬರೆಯಲು ತೊಡಗುತ್ತದೆ? ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ. ಬರೆದು ಮುಗಿದ ಅಕ್ಷರ ಚೆನ್ನಾಗಿಯೇ ಕಾಣಬಹುದು. ಆದರೆ ಕೈ ಸಾಗಿದ ದಾರಿ ತಿರುಗುಮುರುಗಾಗಿದ್ದರೆ, ಮುಂದೆ ಬೇಗಬೇಗ ಬರೆಯುವಾಗ ಅಕ್ಷರ ಕೆಡುತ್ತದೆ. ಅಚ್ಚಿನ ಪುಸ್ತಕ ಅಕ್ಷರವನ್ನು ತೋರಿಸುತ್ತದೆ. ಅದು ಹುಟ್ಟುವ ಬಗೆಯನ್ನು ತೋರಿಸದು. ಅದಕ್ಕೆ ಚಲಿಸುವ ಚಿತ್ರ ಬೇಕು.

ವಿಜಯಪುರ ಜಿಲ್ಲೆಯ ಮಸೂತಿಯಂಥ ಊರಿನಲ್ಲಿ, ತಂದೆ ಹೊಲದಿಂದ ಬಂದ ಮೇಲೆ ಅವನ ಫೋನು ಮಗುವಿನ ಕೈಗೆ ಅರ್ಧ ಗಂಟೆ ಸಿಕ್ಕರೆ ಅದೇ ಪಾಠದ ಹೊತ್ತು. ಅಲ್ಲಿಗೆ ಕಳಿಸುವ ಚಿತ್ರ ಚಿಕ್ಕದಾಗಿರಬೇಕು, ತಾನಾಗಿ ಮತ್ತೆ ಮತ್ತೆ ಆಡಬೇಕು. ಜಿಫ್ ಎಂಬುದು ಇಂಥ ಚಿತ್ರ. ಅಮೆರಿಕದ ಕಂಪ್ಯೂಸರ್ವ್ ಕಂಪನಿ ಇದನ್ನು 1987ರಲ್ಲಿ ಹೊರತಂದಿತು. ‘ಗಿಫ್’ ಎನ್ನುವವರೂ ಉಂಟು. ರೂಪಿಸಿದ ಸ್ಟೀವ್ ವಿಲ್‌ಹೈಟ್ ಅವರು ‘ಜಿಫ್’ ಎಂದೇ ಉಚ್ಚರಿಸುತ್ತಿದ್ದರು.

ವೀಡಿಯೊವನ್ನು ಜಿಫ್ ಮಾಡುವುದೆಂದರೇನು? ಕನ್ನಡ ಪಂಡಿತನಾದ ನನಗೆ ಇದು ಲೋಪಸಂಧಿಯಂತೆ ತೋರುತ್ತದೆ. ಊರು, ಊರು ಸೇರಿ ಊರೂರು ಆಯಿತು. ನಡುವಿನ ಉಕಾರ ಹೋಯಿತು, ಅರ್ಥ ಉಳಿಯಿತು. ಇಲ್ಲಿಯೂ ಹಾಗೆಯೇ. ಸೆಕೆಂಡಿಗೆ 25 ಚಿತ್ರಗಳಂತೆ 20 ಸೆಕೆಂಡಿನ ವೀಡಿಯೊದಲ್ಲಿ 500 ಚಿತ್ರಗಳಿವೆ. ಅಕ್ಷರ ಬರೆಯುವ 6 ಸೆಕೆಂಡನ್ನಷ್ಟೇ ಉಳಿಸಿದರೆ 150. ಫೋಟೋಶಾಪಿನಲ್ಲಿ ವೀಡಿಯೊವನ್ನು ಪದರಗಳಾಗಿ ಬಿಡಿಸುವಾಗ, ಪ್ರತಿ ಮೂರನೆಯ ಚಿತ್ರವನ್ನಷ್ಟೇ ತೆಗೆದುಕೊಳ್ಳುವ ಸೌಕರ್ಯವಿದೆ. ಆಗ ಉಳಿದದ್ದು 50. ಒಂದೊಂದು ಚಿತ್ರವನ್ನೂ ಸೆಕೆಂಡಿನ ನೂರರಲ್ಲಿ 12 ಪಾಲಿನಷ್ಟು ಹೊತ್ತು ನಿಲ್ಲಿಸಿರಿ. ಕೈಯ ವೇಗ ಮೊದಲಿನಂತೆಯೇ ಇರುತ್ತದೆ. ಅಗಲವನ್ನು 1280 ಚುಕ್ಕೆಗಳಿಂದ 320ಕ್ಕೆ ಇಳಿಸಿದರೆ ಎತ್ತರವೂ ಅದೇ ಪ್ರಮಾಣದಲ್ಲಿ ಇಳಿದು, ಚುಕ್ಕೆಗಳು ಹದಿನಾರರಲ್ಲಿ ಒಂದು ಪಾಲಾಗುತ್ತವೆ. ಕೊನೆಗೆ ಜಿಫ್ ಎಂದು ಉಳಿಸುವಾಗ ‘ಸದಾ ಆವರ್ತಿಸು’ ಎಂಬರ್ಥದ ಆಯ್ಕೆಯನ್ನು ಒತ್ತಿರಿ.

ಆದರೆ ಎಲ್ಲ ಕಡೆಯೂ ಲೋಪ ಸಲ್ಲದು. ಮನೆ, ಅಲ್ಲಿ ಸೇರಿದಾಗ ಎಕಾರವನ್ನು ಕಳೆದರೆ ‘ಮನಲ್ಲಿ’ ಆಗಿ ಅರ್ಥ ಕೆಡುತ್ತದೆ. ಆದ್ದರಿಂದ ಯಕಾರ ಬಂದು ‘ಮನೆಯಲ್ಲಿ’ ಆಯಿತು, ಇದು ಆಗಮ. ನಮ್ಮ ಅಕ್ಷರದ ಚಿತ್ರಕ್ಕೂ ಒಂದು ಆಗಮ ಬೇಕು. ಕೊನೆಯ ಚಿತ್ರವನ್ನು ಎರಡು ಸೆಕೆಂಡು ಹೆಚ್ಚಾಗಿ ನಿಲ್ಲಿಸಬೇಕು. ಇಲ್ಲದಿದ್ದರೆ ಮುಗಿದ ಅಕ್ಷರ ಕಣ್ಣಿಗೆ ನಿಲ್ಲುವ ಮೊದಲೇ ಆಟ ಮತ್ತೆ ಶುರುವಾಗಿ, ಮೊದಲು ಯಾವುದು, ಕೊನೆ ಯಾವುದು ಎಂದು ಮಗುವಿಗೆ ತಿಳಿಯದು.

ಇನ್ನೊಂದು ಮಿತಿಯುಂಟು. ಜಿಫ್‌ನ ಒಂದು ಚಿತ್ರದಲ್ಲಿ ಸಾಮಾನ್ಯವಾಗಿ 256 ಬಣ್ಣಗಳಷ್ಟೇ ಇರುತ್ತವೆ. ಬಿಳಿಯ ಮೇಲಿನ ಕಪ್ಪು ಅಕ್ಷರಕ್ಕೆ ಅಷ್ಟು ಧಾರಾಳ. ಆಲಮಟ್ಟಿಯ ಹಿನ್ನೀರಿನ ಮೇಲಿನ ಸಂಜೆಯನ್ನು ಜಿಫ್ ಮಾಡಿದರೋ, ಮೆಲ್ಲಗೆ ಬೆರೆತ ಬಣ್ಣಗಳು ಪಟ್ಟೆಪಟ್ಟೆಯಾಗಿ ಒಡೆಯುತ್ತವೆ. ಅಂಥ ದೃಶ್ಯದ ಜಿಫ್, ಮೂಲ ವೀಡಿಯೊಗಿಂತ ಹೆಚ್ಚು ಜಾಗ ತಿನ್ನುವುದೂ ಉಂಟು. ಅದನ್ನು ವೀಡಿಯೊವಾಗಿಯೇ ಬಿಡುವುದು ಜಾಣತನ.

ಇಷ್ಟು ಕತ್ತರಿಸುವ ಕೌಶಲ ಕೈಗೆ ಬಂದ ಮೇಲೆ ಹೊಣೆಯೂ ಬರುತ್ತದೆ. ಜಿಫ್‌ನಲ್ಲಿ ಧ್ವನಿಯಿಲ್ಲ. ಒಬ್ಬರು ಮಾತಿನ ನಡುವೆ ಕಣ್ಣು ಮುಚ್ಚಿದ ಒಂದು ಗಳಿಗೆಯನ್ನು ಕತ್ತರಿಸಿ ಹರಿಬಿಟ್ಟರೆ, ಅವರು ಸದಾ ತೂಕಡಿಸುವವರೆಂದೇ ಜನ ನಂಬುತ್ತಾರೆ. ಮಾಡಿದವರು ಸುಳ್ಳನ್ನೇನೂ ಸೇರಿಸಿಲ್ಲ. ನಿಜವನ್ನು ಲೋಪ ಮಾಡಿದ್ದಾರೆ, ಅಷ್ಟೆ. ಶಾಲೆಯ ಹುಡುಗನನ್ನು ಓರಗೆಯವರು ಹೀಗೆ ಹಾಸ್ಯಕ್ಕಿಟ್ಟರೆ ಅವನಿಗಾಗುವ ನೋವು ಚಿಕ್ಕದಲ್ಲ. ಆದ್ದರಿಂದ ಮಕ್ಕಳಿಗೆ ಈ ಕೆಲಸ ಕಲಿಸುವಾಗ ಒಂದು ಪ್ರಶ್ನೆಯನ್ನೂ ಕಲಿಸಿರಿ: ನಾನು ಕಳೆದದ್ದರಿಂದ ಅರ್ಥ ಉಳಿಯಿತೆ, ಕೆಟ್ಟಿತೆ? ಕೆಡುವುದಾದರೆ ಅಲ್ಲಿ ಕತ್ತರಿ ಹಾಕಬಾರದು.