ಊರಿನ ಪಬ್ಬು ಊರಿನವರಿಗೆ

ನಿಮ್ಮಲ್ಲಿ ಕೆಲವರು ಲಂಡನ್ ಬಿಟ್ಟು ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಮಾಡಿದ್ದೀರಿ. ಅಲ್ಲಿರುವುದು ಒಂದು ಚರ್ಚು, ಒಂದು ಪಬ್ಬು, ಅದೃಷ್ಟವಿದ್ದರೆ ಒಂದು ಅಂಗಡಿ. ಪಬ್ಬು ಎಂದರೆ ಹೆಂಡದಂಗಡಿ ಎಂದು ಮೂಗು ಮುರಿಯಬೇಡಿ, ಅದು ಆ ಊರಿನ ಅರಳಿಕಟ್ಟೆ. ಲೈಮ್ ಸೋಡಾ ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಅದೇ ಮುಚ್ಚಿಹೋದರೆ? ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಪುಟ್ಟ ಹಳ್ಳಿಯವರು 2003ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು ತಾವೇ ಕೊಂಡರು. ಮುಂದೆ 2011ರ ಲೋಕಲಿಸಂ ಕಾಯ್ದೆ ಇಂಥವರಿಗೆ ಒಂದು ದಾರಿ ಮಾಡಿಕೊಟ್ಟಿತು. ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯ್ತಿಯಂಥದ್ದು, ಅರ್ಜಿ ಹಾಕಿ ಪಬ್ಬನ್ನೋ ಅಂಗಡಿಯನ್ನೋ ಸಮುದಾಯದ ಆಸ್ತಿ ಎಂದು ಪಟ್ಟಿಗೆ ಸೇರಿಸಬಹುದು. ಮಾರಾಟಕ್ಕೆ ಬಂದಾಗ 6 ವಾರದೊಳಗೆ ಊರಿನ ಗುಂಪು ಆಸಕ್ತಿ ತಿಳಿಸಿದರೆ, ಹಣ ಕೂಡಿಸಲು ಆ ಕಾಯ್ದೆ ಒಟ್ಟು 6 ತಿಂಗಳು ಕೊಟ್ಟಿತು. ಆದರೆ ಮಾಲೀಕರು ಊರಿಗೇ ಮಾರಬೇಕೆಂದು ಈ ಕಾಯ್ದೆ ಹೇಳಲಿಲ್ಲ. ನನ್ನ ಮಟ್ಟಿಗೆ ಅದೇ ಅದರ ಕೊರತೆ.

ಪಟ್ಟಿಯಲ್ಲಿ ಹೆಸರು ಉಳಿಯುವುದು 5 ವರ್ಷ ಮಾತ್ರ. ನಿಮ್ಮೂರ ಪಬ್ಬಿನ ಹೆಸರು ಅಲ್ಲಿದೆಯೇ? ಮುಂದಿನ ಪ್ಯಾರಿಷ್ ಸಭೆಗೆ ಹೋಗಿ ಕೇಳಿ. ಆ ಸಭೆಗೆ ಊರವರು ಯಾರು ಬೇಕಾದರೂ ಹೋಗಬಹುದು.