ಬಯಲುಸೀಮೆಯಲ್ಲಿ ಅನಾನಸ್: ಚಳಿಯಲ್ಲ, ಸುಣ್ಣದ ಮಣ್ಣೇ ತೊಡಕು
(ದೊಡ್ಡಉಳ್ಳಾರ್ತಿಯ ರೈತರಿಗೆ ನೀಡಿದ ಉಪನ್ಯಾಸದ ಪಾಠ)



ಶೇಂಗಾ ಕೈಕೊಟ್ಟ ವರ್ಷಗಳಲ್ಲಿ ಬೇರೆ ಬೆಳೆಯ ಯೋಚನೆ ಬರುವುದು ಸಹಜ. ಬನವಾಸಿ, ಸೊರಬದ ಕಡೆ ಅನಾನಸ್ ತೋಟ ಕಂಡು ಬಂದವರು, ‘ನಮ್ಮಲ್ಲಿಯೂ ಬಂದೀತೇ? ಮಾಗಿಯ ಚಳಿಗೆ ಸತ್ತೀತೇ?’ ಎಂದು ಕೇಳುತ್ತಾರೆ.

ಅನಾನಸ್ ದಕ್ಷಿಣ ಅಮೆರಿಕದ ಸಸ್ಯ. ಪೋರ್ಚುಗೀಸರು ಇದನ್ನು 16ನೆಯ ಶತಮಾನದಲ್ಲಿ ಭಾರತಕ್ಕೆ ತಂದರು. ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್‌ಗಿಂತ ಇಳಿದರೆ ಇದರ ಬೆಳವಣಿಗೆ ನಿಲ್ಲುತ್ತದೆ. ಮಂಜುಗಟ್ಟಿದರೆ ಗಿಡ ಸಾಯುತ್ತದೆ. ಆದ್ದರಿಂದಲೇ 18ನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಚರ್ಮ ಹದಮಾಡಿದ ತೊಗಟೆಯನ್ನು ಗುಂಡಿಗಳಲ್ಲಿ ಕೊಳೆಸಿ, ಆ ಕಾವಿನಲ್ಲಿ ಅನಾನಸ್ ಬೆಳೆದರು. ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಅಂಥ ಚಳಿಯಿಲ್ಲ. ಇಲ್ಲಿಯ ಮಾಗಿಯ ತಂಪು ಬೆಳವಣಿಗೆಯನ್ನು ಕೊಂಚ ನಿಧಾನಗೊಳಿಸುತ್ತದೆ, ಅಷ್ಟೆ. ತಂಪಾದ ರಾತ್ರಿ ಮತ್ತು ಕಿರಿದಾದ ಹಗಲು ಹೂ ಬಿಡಲು ಪ್ರಚೋದನೆಯನ್ನೂ ಕೊಡುತ್ತವೆ.

ಈ ಗಿಡದ ಪತ್ರರಂಧ್ರಗಳು ಬಹುಮಟ್ಟಿಗೆ ರಾತ್ರಿ ತೆರೆಯುತ್ತವೆ. ಕತ್ತಾಳೆಯದೂ ಇದೇ ಗುಣ. ಹೀಗಾಗಿ ನೀರಿನ ಖರ್ಚು ಕಡಿಮೆ. ಆದರೆ ಬರ ತಾಳುವುದು ಬೇರೆ, ಮಾರುವಂಥ ಹಣ್ಣು ಕೊಡುವುದು ಬೇರೆ. ಒಳ್ಳೆಯ ಬೆಳೆಗೆ 1000ದಿಂದ 1500 ಮಿ.ಮೀ. ಮಳೆ ಬೇಕು. ಚಳ್ಳಕೆರೆಯ ಸರಾಸರಿ 500 ಮಿ.ಮೀ.ಗೂ ಕಡಿಮೆ. ಬೇರುಗಳು ಮೇಲ್ಮಣ್ಣಿನಲ್ಲೇ ಇರುವುದರಿಂದ ಬೇಸಿಗೆಯಲ್ಲಿ ನೀರು ಕೊಡಲೇಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಮಣ್ಣಿನದು. ಅನಾನಸ್‌ಗೆ ರಸಸಾರ 4.5ರಿಂದ 6ರವರೆಗಿನ ಹುಳಿ ಮಣ್ಣು ಬೇಕು. ಸುಣ್ಣಯುಕ್ತ ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶ ದೊರೆಯದೆ ಎಲೆಗಳು ಹಳದಿಯಾಗಿ ಗಿಡ ಸೊರಗುತ್ತದೆ. ಗಡಸು ನೀರಿನ ಕೊಳವೆ ಬಾವಿಯಾದರೆ ತೊಂದರೆ ಇನ್ನೂ ಹೆಚ್ಚು.

ಒಂದು ಎಕರೆಗೆ ಸುಮಾರು 17 ಸಾವಿರ ಕಂದುಗಳು ಬೇಕು. ಹಣ್ಣಿಗೆ 18ರಿಂದ 24 ತಿಂಗಳು ಕಾಯಬೇಕು. ಸಾಲ ಮಾಡಿ ಎಕರೆಗಟ್ಟಲೆ ಹಾಕಿದವನಿಗೆ ತಪ್ಪು ತಿಳಿಯುವ ಹೊತ್ತಿಗೆ ಹಣವೆಲ್ಲ ಮಣ್ಣಿನಲ್ಲಿರುತ್ತದೆ. ಆದ್ದರಿಂದ ಈ ಕ್ರಮ ಅನುಸರಿಸುವುದು ಲೇಸು:

1. ಮೊದಲು ಮಣ್ಣು ಮತ್ತು ನೀರನ್ನು ಪರೀಕ್ಷೆ ಮಾಡಿಸಿ. ರಸಸಾರ 7.5 ಮೀರಿದ್ದು ಸುಣ್ಣವೂ ಇದ್ದರೆ ಈ ಬೆಳೆಯ ಯೋಚನೆ ಬಿಡಿ.

2. ಫಲಿತಾಂಶ ಅನುಕೂಲವಾಗಿದ್ದರೆ ತೆಂಗಿನ ತೋಟದ ಅರೆನೆರಳಿನಲ್ಲಿ 50 ಕಂದುಗಳನ್ನು ಮಾತ್ರ ನೆಡಿ. ಕಂದುಗಳನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ನಿಲ್ಲದ ಏರುಮಡಿಯಲ್ಲಿ ನೆಡಬೇಕು. ಸುಳಿಯೊಳಗೆ ಮಣ್ಣು ಬೀಳಬಾರದು. ಬುಡಕ್ಕೆ ಶೇಂಗಾ ಹೊಟ್ಟು ಹೊದಿಸಿ.

3. ಎಲೆ ಹಳದಿಯಾದರೆ ಅನ್ನಭೇದಿಯ ದ್ರಾವಣ ಸಿಂಪಡಿಸಿ. ಬಲಿಯುವ ಹಣ್ಣಿಗೆ ಬಿಸಿಲು ಬಡಿಯದಂತೆ ಹುಲ್ಲು ಮುಚ್ಚಿ.

4. ಗಿಡಕ್ಕೆ 35ರಿಂದ 40 ಎಲೆ ಬಂದಾಗ 25 ಪಿ.ಪಿ.ಎಂ. ಎಥ್ರೆಲ್, ಶೇಕಡ 2ರ ಯೂರಿಯ, ಶೇಕಡ 0.04ರ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ದ್ರಾವಣವನ್ನು ಗಿಡಕ್ಕೆ 50 ಮಿ.ಲೀ.ನಂತೆ ಸುಳಿಗೆ ಹಾಕಿದರೆ ಹೂವು ಒಟ್ಟಿಗೆ ಬರುತ್ತದೆ.

ಐವತ್ತು ಗಿಡಗಳ ಹಣ್ಣಿನ ತೂಕ, ರುಚಿ, ಕೊಟ್ಟ ನೀರು, ಇವುಗಳ ಲೆಕ್ಕ ಬರೆದಿಟ್ಟು, ಅದು ಗಿಟ್ಟಿದರೆ ಮಾತ್ರ ಮುಂದುವರಿಯಿರಿ. ನೀರಾವರಿ ಇಲ್ಲದ ಹೊಲಕ್ಕೆ ಹುಣಸೆ, ಸೀತಾಫಲ, ಬೋರೆಗಳೇ ಸೂಕ್ತ. ಹೊಸ ಬೆಳೆಯನ್ನು ಹಿತ್ತಲಲ್ಲಿ ಪರೀಕ್ಷಿಸಿ ನಂತರ ಹೊಲಕ್ಕೆ ತಂದವನು ಸೋತರೂ ಉಳಿಯುತ್ತಾನೆ.